ಹಾಯಿ ಕೇಳಲು ಹೋದದ್ದು

ಬಿಟ್ಟು ಹೋಗುವಾಗ ಲಾಂಚು ಇತ್ತು,
ಮರಳಿ ಬರುವಾಗ ಸೇತುವೆ.
ಬಸ್ಸಿನ ಕಿಟಕಿಯಿಂದ ಕೆಳಗೆ ನೋಡಿದೆ:
ಏಪ್ರಿಲ್ ಕೊನೆ. ಶರಾವತಿ ಹಿನ್ನೀರು ಹಿಂದೆ ಸರಿದು
ಎಂದೋ ಮುಳುಗಿದ ಕಾಡಿನ ಬೊಡ್ಡೆಗಳು
ಹಾಜರಿ ಕೂಗಿದ ಹಾಗೆ ಎದ್ದು ನಿಂತಿದ್ದವು.

ಆರು ತಿಂಗಳು ಅಂದಿದ್ದೆ ಕೆರಿಯಪ್ಪನಿಗೆ.
ಕುಷ್ಟಗಿ ಐಟಿಐಗೆ ವರ್ಗ; ಆ ಬಿಸಿಲೂರಿಗೆ
ದೋಣಿ ಹೊತ್ತುಕೊಂಡು ಹೋಗುವುದು ಹೇಗೆ?
ಆರು ತಿಂಗಳು ನಾಲ್ಕು ವರ್ಷವಾಯಿತು.
ತಿಂಗಳಿಗೆ ಐನೂರು ಕಳಿಸುತ್ತಿದ್ದೆ, ಮೊದಮೊದಲು.
ಆಮೇಲೆ, ಕಳಿಸಬೇಕು ಅಂದುಕೊಳ್ಳುತ್ತಿದ್ದೆ.
ಆಮೇಲೆ ಅದೂ ಇಲ್ಲ.

ಆದರೂ ದಾರಿಯುದ್ದ ಬೈಗುಳ ಜೋಡಿಸಿಕೊಂಡೇ ಬಂದೆ.
ಯಾರೋ ಹೇಳಿದ್ದರು:
ನಿಮ್ಮ ದೋಣಿಯಲ್ಲಿ ಕೋಳಿ ಮೊಟ್ಟೆ ಇಡ್ತಿದೆ ಮೇಷ್ಟ್ರೇ.

ಸುಳ್ಳಲ್ಲ.
ನೀರಿನಿಂದ ಕಾಲು ಮೈಲಿ ಮೇಲೆ,
ಬಿರುಕು ಬಿಟ್ಟ ಮಣ್ಣಿನಂಚಿನಲ್ಲಿ
ಒಂದು ಬದಿಗೆ ಕಲ್ಲು ಕೊಟ್ಟು
ಟಿಟ್ಟಿಭವನ್ನು ಕವುಚಿ ಹಾಕಿದ್ದರು.
ಹೆಸರಲ್ಲಿ ಉಳಿದದ್ದು ಒಂದು ಟಿ, ಅರ್ಧ ಭ.
ಹೊಟ್ಟೆಯ ನೀಲಿ ಬಣ್ಣ ಹಪ್ಪಳ ಎದ್ದು
ಉಗುರು ತಾಗಿಸಿದರೆ ಉದುರುತ್ತಿತ್ತು.
ನಾನೇ ಅಂಟಿಸಿ, ಒತ್ತಿ, ಉಜ್ಜಿದ ಪ್ಲೈವುಡ್ಡು
ನೆನೆದು ಒಣಗಿದ ಪುಸ್ತಕದ ಹಾಗೆ ಬಿರಿದಿತ್ತು.
ಒಳಗೆ, ನಾನು ಕಾಲು ಚಾಚಿ ಕೂರುತ್ತಿದ್ದ ಜಾಗದಲ್ಲಿ
ಕಾವಿಗೆ ಕೂತ ಕರಿ ಹೇಂಟೆ
ಕಳ್ಳನನ್ನು ನೋಡಿದ ಹಾಗೆ ನನ್ನನ್ನು ನೋಡಿತು.

ಹಾಯಿಕಂಬ ಎಲ್ಲಿ?
ಅಂಗಳದಲ್ಲಿ ಟೀವಿಯ ತಟ್ಟೆ ಹೊತ್ತು ನಿಂತಿತ್ತು,
ಸೊಂಟಕ್ಕೆ ತಂತಿ, ತಂತಿಗೆ ಒದ್ದೆ ಬಟ್ಟೆ.
ಚುಕ್ಕಾಣಿ?
ಮೀನಿನ ಹುರುಪೆ ಕೆರೆಯುವ ಹಲಗೆ.
ಹಗ್ಗ ಕರುವಿನ ಕೊರಳಲ್ಲಿ. ನಾನೇ ಕಲಿಸಿದ ಗಂಟು,
ನನಗಿಂತ ಚೆಂದ ಹಾಕಿದ್ದರು.

ಕೆರಿಯಪ್ಪ ಮಾತಾಡಲಿಲ್ಲ.
ಬೀಡಿ ಹಚ್ಚಿ ನೀರಿನ ಕಡೆ ತಿರುಗಿದ.
ಮಾತಾಡಿದ್ದು ಅವನ ಹೆಂಡತಿ ಹೂವಕ್ಕ:
"ಎಂತ ಕಳಕಂಡ್ರಿ ಸಾರ್? ಒಂದು ಮೊಳೆ ಹೋಗಿದ್ರೆ ಹೇಳಿ.
ಎರಡು ಮಳೆಗಾಲ, ನೀರು ಹತ್ತಿದಂಗೆಲ್ಲ
ಎತ್ತಿ ಎತ್ತಿ ಮೇಲೆ ತಂದ್ವು.
ಮೂರನೇದಕ್ಕೆ ಇವರ ಸೊಂಟ ಹಿಡೀತು.
ಫೋನು ಮಾಡಿದ್ರೆ ಈ ನಂಬರೇ ಇಲ್ಲ ಅಂತ ಯಾರೋ ಹೆಂಗಸು
ಮತ್ತೆ ಮತ್ತೆ ಹೇಳ್ತಿತ್ತು."

ನಂಬರು ಬದಲಿಸಿದ್ದೆ, ಹೌದು.
ಇವರಿಗೆ ತಿಳಿಸಿಲ್ಲ ಎಂಬುದು
ಅಲ್ಲೇ, ಅವಳ ಅಂಗಳದಲ್ಲೇ ನೆನಪಾಯಿತು.

"ಹಾಯಿ?" ಎಂದೆ. ದನಿ ಆಗಲೇ ಇಳಿದಿತ್ತು.

ಒಳಗೆ ಕರೆದಳು.
ಇದ್ದದ್ದು ಒಂದೇ ಕೋಣೆ. ಅದನ್ನು ಎರಡು ಮಾಡಿ
ಗೋಡೆಯಿಂದ ಗೋಡೆಗೆ ನನ್ನ ಹಾಯಿ ಕಟ್ಟಿದ್ದರು.
ಈಚೆಗೆ ಕೆರಿಯಪ್ಪನ ಚಾಪೆ.
ಆಚೆಗೆ ಮಗಳು ಸುಗುಣಿ, ರಾತ್ರಿ ಅವಳ ದೀಪ
ಅಪ್ಪನ ಕಣ್ಣಿಗೆ ಹೊಡೆಯದ ಹಾಗೆ.
ಪಿಯುಸಿ ಗಣಿತಕ್ಕೆ ಎರಡನೇ ಸಲ ಕಟ್ಟಿದ್ದಾಳಂತೆ.
ಬಟ್ಟೆಯ ಮೂರು ಮೂಲೆಗೆ ಪೆನ್ಸಿಲಿನಲ್ಲಿ
ಎ, ಬಿ, ಸಿ ಎಂದು ಬರೆದು
ಉದ್ದನೆಯ ಅಂಚಿನುದ್ದಕ್ಕೂ ಸೈನು, ಕಾಸು.
ಒಂದು ಕಡೆ ತಪ್ಪಾಗಿತ್ತು. ಹೇಳಬೇಕೆಂದು ಬಾಯಿ ತೆರೆದೆ,

ಅಷ್ಟರಲ್ಲಿ ಆ ಗಾಳಿ ಬಂತು.
ನನಗೆ ಗೊತ್ತಿದ್ದದ್ದೇ: ಮೂರು ಗಂಟೆಯದು,
ಪಡುವಣದ್ದು, ನೀರಿನ ಮೇಲೆ ಕಪ್ಪಗೆ ಕಾಣಿಸಿಕೊಂಡು ಬರುವಂಥದ್ದು.
ಕಿಟಕಿಯಿಂದ ನುಗ್ಗಿ ಹಾಯಿ ತುಂಬಿತು,
ತ್ರಿಕೋನ ಉಬ್ಬಿತು,
ಇಡೀ ಕೋಣೆ ಒಂದು ಗೇಣು ಮುಂದೆ ಹೋದ ಹಾಗಾಯಿತು.
ಕೈ ತಾನಾಗಿ ಹಗ್ಗ ಹುಡುಕಿತು.

ಹಗ್ಗ ಕರುವಿನ ಹತ್ತಿರ ಇತ್ತು.

ಪರೀಕ್ಷೆ ಎಂದು ಎಂದೆ. ಮೇ ಮೂರನೇ ವಾರ ಎಂದಳು ಸುಗುಣಿ.
ನೀರು ದೋಣಿಯವರೆಗೆ ಹತ್ತುವುದು ಆಗಸ್ಟಿಗೆ.
ಕೋಳಿಗೆ ಬೇಕಾದ್ದು ಇನ್ನೂ ಹನ್ನೊಂದು ದಿನ.
ಚೀಲದಿಂದ ಉಪ್ಪುಕಾಗದ ತೆಗೆದು,
ಹೇಂಟೆಗೆ ತೊಂದರೆಯಾಗದ ಬದಿ ಯಾವುದೆಂದು
ಹೂವಕ್ಕನನ್ನು ಕೇಳಿ,
ಉಜ್ಜಲು ಕೂತೆ.